ಬಿಳಿ ಬಟ್ಟಲಲ್ಲಿ ಕಂಡ ಬಣ್ಣ

ಆ ಬೀದಿಯ ಚರಂಡಿ ದಿನಕ್ಕೊಂದು ಬಣ್ಣದಲ್ಲಿ ಹರಿಯುತ್ತಿತ್ತು. ಒಂದು ದಿನ ನೀಲಿ, ಮರುದಿನ ಕೆಂಪು, ವಾರದ ಕೊನೆಗೆ ಎಲ್ಲವೂ ಬೆರೆತು ಕಡುಕಂದು. ನೂಲಿಗೆ ಬಣ್ಣ ಹಾಕುವವರ ಬೀದಿ ಅದು. ಬಾಗಿಲ ಹಿಡಿಕೆಯ ಮೇಲೆ, ಮಕ್ಕಳ ಪುಸ್ತಕದ ಮೂಲೆಯಲ್ಲಿ, ನೀರು ಕುಡಿಯುವ ಲೋಟದ ಮೇಲೆ ಕೂಡ ಬೆರಳಿನ ಬಣ್ಣದ ಗುರುತು ಇದ್ದೇ ಇರುತ್ತಿತ್ತು.

ಅಲ್ಲಿನ ಒಂದು ಬಣ್ಣದ ಮನೆಯಲ್ಲಿ ಬಣ್ಣ ಬೆರೆಸುವವಳನ್ನು ಎಲ್ಲರೂ ಬಣ್ಣದಕ್ಕ ಎನ್ನುತ್ತಿದ್ದರು. ಗಿರಾಕಿ ಒಂದು ಚೂರು ಬಟ್ಟೆ ತಂದು, "ಇದೇ ಬಣ್ಣ ಬೇಕು" ಎಂದರೆ ಸಾಕು. ಅವಳು ಕಿಟಕಿಯ ಬೆಳಕಿಗೆ ಹಿಡಿದು ಒಮ್ಮೆ ನೋಡುತ್ತಿದ್ದಳು. "ಕೆಂಪು ಮೂರು, ಕಪ್ಪು ಅರ್ಧ, ಹಳದಿ ಕಂಡೂ ಕಾಣದ ಹಾಗೆ." ಅಷ್ಟೇ. ಅಳತೆ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಅವಳ ಗಂಡನದು ಅದೇ ಮನೆಯಲ್ಲಿ ನೂಲು ಹಿಂಡುವ ಕೆಲಸ. ಬಿಸಿ ತೊಟ್ಟಿಯಿಂದ ನೂಲಿನ ಲಡಿ ಎತ್ತಿ, ಕೊಕ್ಕೆಗೆ ಸಿಕ್ಕಿಸಿ, ಕೋಲು ತೂರಿಸಿ ತಿರುಚುತ್ತಿದ್ದ. ಅವನ ತೋಳು ನೋಡಿದವರು ಇವನಿಗೆ ಕಾಯಿಲೆ ಬರುವುದಿರಲಿ, ಬಂದ ಕಾಯಿಲೆಯೇ ಹೆದರಿ ಓಡೀತು ಎನ್ನುತ್ತಿದ್ದರು.

ಅಂಥವನು ನಾಲ್ಕು ದಿನದಿಂದ ಚಾಪೆ ಹಿಡಿದಿದ್ದ. ಮೈ ನಡುಗುವ ಚಳಿ, ಆಮೇಲೆ ಸುಡುವ ಜ್ವರ, ಆಮೇಲೆ ಹಾಸಿಗೆಯೇ ನೆನೆಯುವ ಬೆವರು. ಬೀದಿಯಲ್ಲಿ ಇನ್ನೂ ಮೂರು ಮನೆಗಳಲ್ಲಿ ಇದೇ ಕಥೆ. ಆರೋಗ್ಯ ಕಾರ್ಯಕರ್ತೆ ಮನೆಮನೆಗೆ ಬಂದು ಬೆರಳು ಚುಚ್ಚಿ ರಕ್ತ ನೋಡುತ್ತಿದ್ದಳು. ಹಾಗಾಗಿ ಅವಳಿಗೆ ಸೂಜಿಯಕ್ಕ ಎಂದೇ ಹೆಸರು ಬಿದ್ದಿತ್ತು. ಬೆಳಗಿನ ಹತ್ತು ಗಂಟೆಗೆ ಅವಳು ಇವರ ಹೊಸ್ತಿಲಿಗೂ ಬಂದಳು.

"ಎಷ್ಟು ದಿನ ಆಯ್ತು ಜ್ವರ?"

"ನಾಲ್ಕು," ಎಂದಳು ಬಣ್ಣದಕ್ಕ.

"ಮೂರು," ಎಂದರು ಅವಳ ಅತ್ತೆ. "ಮೊದಲನೇ ದಿನ ಬರೀ ಚಳಿ. ಚಳೀನೂ ಜ್ವರದ ಲೆಕ್ಕಕ್ಕೆ ಸೇರಿಸ್ತಾರಾ?"

"ಸೇರಿಸ್ತಾರೆ ದೊಡ್ಡಮ್ಮ. ಮಲೇರಿಯಾ ಅಂಗಡಿಗೆ ಚಳೀನೇ ಮೊದಲ ಗಿರಾಕಿ."

ಬೆರಳಿನಿಂದ ಒಂದು ಹನಿ ರಕ್ತ ತೆಗೆದಳು. ಸ್ವಲ್ಪ ಹೊತ್ತಿಗೆ ಪರೀಕ್ಷೆಯ ಪಟ್ಟಿಯ ಮೇಲೆ ಗೆರೆ ಮೂಡಿತು. ಮಲೇರಿಯಾವೇ. ಅದರಲ್ಲೂ ಜೋರಿನ ಜಾತಿಯದು. ಸೂಜಿಯಕ್ಕ ಚೀಲದಿಂದ ಮಾತ್ರೆ ತೆಗೆದು, ಮೊದಲ ಸರದಿಯನ್ನು ತನ್ನ ಕಣ್ಣೆದುರೇ ನುಂಗಿಸಿದಳು. ಆಮೇಲೆ ಕೇಳಿದಳು.

"ಬೇರೆ ಮಾತ್ರೆ ಏನಾದ್ರೂ ತಗೊಂಡಿದ್ರಾ?"

ಅತ್ತೆಯ ಬಳಿ ಒಂದು ತಗಡಿನ ಡಬ್ಬಿ ಇತ್ತು. ಅದರ ತುಂಬ ನೋವಿನ ಮಾತ್ರೆ. ಸೊಂಟ ಹಿಡಿದರೆ ಒಂದು, ತಲೆ ಸಿಡಿದರೆ ಒಂದು. ಬೀದಿಯ ಅರ್ಧ ಜನ ಅದರಿಂದಲೇ ಮಾತ್ರೆ ಎರವಲು ಪಡೆಯುತ್ತಿದ್ದರು. ಅತ್ತೆ ಮೆಲ್ಲನೆ ಆ ಡಬ್ಬಿಯನ್ನು ತೊಡೆಯ ಕೆಳಗೆ ಸರಿಸಿಕೊಂಡರು. "ಏನೂ ಇಲ್ಲಮ್ಮ."

"ಸರಿ. ಅಣ್ಣಾ, ಮೂತ್ರ ಸರಿಯಾಗಿ ಹೋಗ್ತಾ ಇದೆಯಾ? ಬಣ್ಣ ಹೇಗಿದೆ?"

ಅವನು ಜ್ವರದಲ್ಲೂ ನಕ್ಕ. "ಹಿತ್ತಲ ಚರಂಡೀಲಿ ಬೆಳಗ್ಗೆಯಿಂದ ಕಂದು ನೀರು ಹರೀತಾ ಇದೆ ತಾಯಿ. ಅದರಲ್ಲಿ ನಂದ್ಯಾವುದು ಅಂತ ಎಲ್ಲಿ ಹುಡುಕ್ಲಿ?"

ಅತ್ತೆ ನಕ್ಕರು. ಬಣ್ಣದಕ್ಕನಿಗೂ ನಗು ಬಂತು. ಸೂಜಿಯಕ್ಕ ಮಾತ್ರ ನಗಲಿಲ್ಲ. ಅವಳು ಕಿಟಕಿಯಿಂದ ಆ ಚರಂಡಿಯನ್ನು ನೋಡಿದಳು. "ಹಾಗಾದ್ರೆ ಈ ಬೀದಿಯಲ್ಲಿ ಯಾರೂ ತಮ್ಮ ಮೂತ್ರದ ಬಣ್ಣ ನೋಡೋದೇ ಇಲ್ಲ," ಎಂದಳು, ತನಗೆ ತಾನೇ ಹೇಳಿಕೊಳ್ಳುವಂತೆ. ಆಮೇಲೆ ಬಣ್ಣದಕ್ಕನ ಕಡೆ ತಿರುಗಿದಳು. "ಅಕ್ಕಾ, ಒಂದು ಬಿಳಿ ಪಾತ್ರೆ ಕೊಡಿ ಇವರಿಗೆ. ಇನ್ನು ಮೂತ್ರ ಅದರಲ್ಲೇ ಮಾಡ್ಲಿ. ಎಷ್ಟು ಬಂತು, ಯಾವ ಬಣ್ಣ, ನೋಡ್ತಾ ಇರಿ. ತೀರಾ ಕಡಿಮೆ ಆದ್ರೆ, ಇಲ್ಲ ಹಾಲು ಹಾಕದ ಚಹಾ ಥರ ಕಂಡ್ರೆ, ನನಗೋಸ್ಕರ ಕಾಯಬೇಡಿ. ನೇರ ಆಸ್ಪತ್ರೆಗೆ ಹೋಗಿ."

"ಅಯ್ಯೋ ಶಿವನೇ!" ಎಂದರು ಅತ್ತೆ. "ಹೆಂಡತಿ ಆದವಳು ಗಂಡನ ಮುಖ ನೋಡ್ಬೇಕು. ಇನ್ನು ಅದನ್ನೂ ನೋಡ್ತಾ ಕೂರ್ಬೇಕಾ?"

"ಮುಖ ಸುಳ್ಳು ಹೇಳಬಹುದು ದೊಡ್ಡಮ್ಮ. ಅದು ಹೇಳಲ್ಲ. ಮಲೇರಿಯಾ ಬರೀ ಮೈ ಬಿಸಿ ಮಾಡಿ ಹೋಗೋ ಜ್ವರ ಅಲ್ಲ. ಕಿಡ್ನಿಗೆ ಕೈ ಹಾಕುತ್ತೆ. ಕೈ ಹಾಕಿದ್ದು ಮೊದಲು ಗೊತ್ತಾಗೋದೇ ಅಲ್ಲಿ."

ಅವಳು ಹೋದ ಮೇಲೆ ಬಣ್ಣದಕ್ಕ ಕೆಲಸದ ಮನೆಯಿಂದ ಒಂದು ಪಿಂಗಾಣಿ ಬಟ್ಟಲು ತಂದಳು. ಬಣ್ಣ ಹದವಾಯಿತೇ ಎಂದು ನೋಡಲು ಅವಳು ಬಳಸುತ್ತಿದ್ದ ಬಟ್ಟಲು ಅದು, ಹಾಲಿನಂಥ ಬಿಳುಪು. ಅದನ್ನು ಗಂಡನ ಕೈಗೆ ಕೊಡುವಾಗ ಅವಳಿಗೆ ಮುಖವೆತ್ತಲಾಗಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಸೂರಿನಡಿ ಬದುಕಿದ್ದರು. ಅವನ ಗೊರಕೆ, ಅವನ ಸಿಟ್ಟು, ಬೆನ್ನಿನ ಮೇಲಿನ ಸುಟ್ಟ ಕಲೆ, ಎಲ್ಲ ಅವಳಿಗೆ ಗೊತ್ತಿತ್ತು. ಈ ಒಂದು ಮಾತು ಮಾತ್ರ ಇಬ್ಬರ ನಡುವೆ ಎಂದೂ ಬಂದಿರಲಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ ಅವನು ಬಟ್ಟಲಿನ ಮೇಲೆ ಹಳೆಯ ಕಾಗದ ಮುಚ್ಚಿ ತಂದು, "ತಗೋ, ನೋಡು ನಿನ್ನ ಗಿರಾಕಿಯ ಬಣ್ಣ," ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಅವಳು ಅದನ್ನು ಕಿಟಕಿಯ ಬೆಳಕಿಗೆ ಒಯ್ದಳು. ಕಾಗದ ಸರಿಸಿದಳು.

ಕಂದು ಬಣ್ಣದಲ್ಲಿ ಹತ್ತೊಂಬತ್ತು ಬಗೆ ಅವಳಿಗೆ ಗೊತ್ತಿತ್ತು. ಇದು ಆ ಪೈಕಿ ಕೊನೆಯದು, ಎಲ್ಲಕ್ಕಿಂತ ಗಾಢ. ಒಲೆಯ ಮೇಲೆ ಮರೆತುಬಿಟ್ಟ ಚಹಾದ ಬಣ್ಣ, ಅಂಚಿನಲ್ಲಿ ಮಾತ್ರ ಕೆಂಪು. ನೂಲಿನ ಮೇಲೆ ಬಂದಿದ್ದರೆ ತಾನೇ ಮೆಚ್ಚಿಕೊಳ್ಳುತ್ತಿದ್ದಳು. ಬಟ್ಟಲಿನ ತಳದಲ್ಲಿ ಅದು ನಾಲ್ಕು ಚಮಚದಷ್ಟೂ ಇರಲಿಲ್ಲ.

"ರೀ, ಬೆಳಗ್ಗೆಯಿಂದ ಇಷ್ಟೇನಾ?"

"ಬಂದಿದ್ದೇ ಅಷ್ಟು. ನಿನ್ನೆಯೂ ಅಷ್ಟೇ."

ಯಾರದೋ ಬಟ್ಟೆಯ ಚೂರಿನಲ್ಲಿ ಕಂಡೂ ಕಾಣದ ಹಳದಿಯನ್ನು ಹಿಡಿಯುವ ಕಣ್ಣಿಗೆ, ಮನೆಯ ಹಿತ್ತಲಲ್ಲಿ ಎರಡು ದಿನದಿಂದ ಹರಿದದ್ದು ಕಂಡಿರಲಿಲ್ಲ.

"ಹೊರಡಿ," ಎಂದಳು.

"ಮಾತ್ರೆ ಬೆಳಗ್ಗೆ ತಾನೇ ನುಂಗಿದಾನಲ್ಲೇ!" ಎಂದರು ಅತ್ತೆ. "ಹೊಟ್ಟೆಗಾದರೂ ಇಳೀಲಿ. ನಾಳೆ ನೋಡೋಣ. ಒಂದು ಚೊಂಬು ನೀರು ಕುಡಿಸು, ತಾನೇ ಬರುತ್ತೆ."

ಅತ್ತೆಯ ಮಾತಿಗೆ ಅವಳು ಎಂದೂ ಎದುರಾಡಿದವಳಲ್ಲ. ಆಗಲೂ ಆಡಲಿಲ್ಲ. ಬಟ್ಟಲಿಗೆ ಮುಚ್ಚಳ ಹಾಕಿ, ಬಟ್ಟೆ ಸುತ್ತಿ, ನೂಲು ಸಾಗಿಸುವ ಮೂರು ಚಕ್ರದ ಗಾಡಿಯನ್ನು ಕರೆದಳು. ಗಂಡನನ್ನು ಲಡಿಗಳ ನಡುವೆ ಒರಗಿಸಿದಳು. ಗೊಣಗುತ್ತಲೇ ಅತ್ತೆಯೂ ಹತ್ತಿದರು.

ಆಸ್ಪತ್ರೆಯ ಡಾಕ್ಟರಮ್ಮ ರೋಗಿಗಿಂತ ಮೊದಲು ಬಟ್ಟಲನ್ನು ನೋಡಿದರು.

"ಇದನ್ನ ತಂದಿದ್ದು ಯಾರು?"

"ನಾನೇ," ಎಂದಳು ಬಣ್ಣದಕ್ಕ, ಬೈಗುಳಕ್ಕೆ ಸಿದ್ಧಳಾಗಿ.

"ತುಂಬಾ ಒಳ್ಳೇ ಕೆಲಸ ಮಾಡಿದ್ರಿ. ಜನ ಮೂರು ದಿನ ತಡ ಮಾಡಿ ಬರ್ತಾರೆ."

ಬೇಗಬೇಗ ರಕ್ತ ತೆಗೆದರು, ರಕ್ತನಾಳಕ್ಕೆ ಔಷಧಿ ಹಾಕಿದರು, ಮೂತ್ರ ಅಳೆಯಲು ಕೊಳವೆ ಮತ್ತು ಚೀಲ ಜೋಡಿಸಿದರು. ಆಮೇಲೆ ಡಾಕ್ಟರಮ್ಮ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡರು.

"ಸೊಳ್ಳೆ ಕಚ್ಚಿದಾಗ ಒಳಗೆ ಹೋದ ರೋಗಾಣು ರಕ್ತದ ಕೆಂಪು ಕಣಗಳಲ್ಲಿ ಸೇರಿಕೊಂಡು ಬೆಳೆಯುತ್ತೆ, ಕಣಗಳನ್ನ ಒಡೆಯುತ್ತೆ. ಒಡೆದ ಕಣದ ಬಣ್ಣ ಕಿಡ್ನಿಗೆ ಬಂದು ಬೀಳುತ್ತೆ. ಇನ್ನು ಕೆಲವು ಕಣ ಅಂಟಂಟಾಗಿ ಸಣ್ಣ ರಕ್ತನಾಳಗಳಲ್ಲೇ ಸಿಕ್ಕಿಕೊಳ್ತವೆ."

"ಅಂದ್ರೆ," ಎಂದಳು ಬಣ್ಣದಕ್ಕ ಮೆಲ್ಲನೆ, "ಅವರ ರಕ್ತ ಬಣ್ಣ ಬಿಡ್ತಾ ಇದೆ."

ಡಾಕ್ಟರಮ್ಮ ಅವಳ ಬಣ್ಣ ಮೆತ್ತಿದ ಕೈ ನೋಡಿದರು. "ಹೌದು. ನಾನು ಇಷ್ಟು ಸರಿಯಾಗಿ ಹೇಳ್ತಿರಲಿಲ್ಲ. ಇನ್ನೊಂದು ಮಾತು. ಇವರು ಬೇರೆ ಯಾವ ಮಾತ್ರೆ ತಗೊಂಡಿದಾರೆ? ಮುಚ್ಚಿಡಬೇಡಿ. ಬೈಯೋಕಲ್ಲ ಕೇಳ್ತಿರೋದು."

ಅತ್ತೆ ಮಡಿಲಿನಿಂದ ತಗಡಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. "ದಿನಕ್ಕೆ ಮೂರು ಕೊಟ್ಟೆ ತಾಯಿ. ಮೈಕೈ ನೋವು ಅಂತ ನರಳ್ತಿದ್ದ. ಹೆತ್ತ ಕರುಳು, ಕೇಳಲಾರದೆ ಕೊಟ್ಟೆ."

"ಗೊತ್ತಮ್ಮ. ಆದರೆ ಇದು ಕಿಡ್ನಿಗೆ ಹೋಗೋ ರಕ್ತವನ್ನೇ ಕಡಿಮೆ ಮಾಡುತ್ತೆ. ಅದು ಮೊದಲೇ ಏದುಸಿರು ಬಿಡ್ತಾ ಇದೆ. ಇಂಥ ಜ್ವರದಲ್ಲಿ ಇದನ್ನ ಕೊಡಲೇಬಾರದು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಅದೂ ಡಾಕ್ಟರು ಹೇಳಿದ ಅಳತೆಯಲ್ಲಿ."

ಅತ್ತೆ ಕೈಯಲ್ಲಿದ್ದ ಲೋಟದ ಕಡೆ ನೋಡಿದರು. "ಮತ್ತೆ ನೀರಾದರೂ ಜಾಸ್ತಿ ಕುಡಿಸ್ಲಾ?"

"ಅದೂ ನಾವು ಹೇಳಿದಷ್ಟೇ. ಕಿಡ್ನಿ ನೀರು ಬಿಡದೇ ಇರುವಾಗ ಸುರಿದ ನೀರು ಎಲ್ಲಿಗೆ ಹೋಗುತ್ತೆ? ಶ್ವಾಸಕೋಶಕ್ಕೆ. ಉಸಿರು ಕಟ್ಟುತ್ತೆ. ಅದಕ್ಕೇ ಒಳಗೆ ಹೋಗೋದು, ಹೊರಗೆ ಬರೋದು ಎರಡನ್ನೂ ಅಳೀತಾ ಇದೀವಿ."

ಎರಡು ದಿನ ಕಳೆಯಿತು. ಜ್ವರ ಇಳಿಯಿತು, ಆದರೆ ಚೀಲ ತುಂಬಲಿಲ್ಲ. ಅವನ ಪಾದ ಊದಿತು, ಕಣ್ಣಿನ ಕೆಳಗೆ ಊದಿತು, ಮಾತು ತೊದಲಿತು. ಮೂರನೆಯ ಬೆಳಗ್ಗೆ ಡಾಕ್ಟರಮ್ಮ ಬಂದು, "ಡಯಾಲಿಸಿಸ್ ಮಾಡ್ಬೇಕು," ಎಂದರು.

ಅತ್ತೆ ಸೊಸೆಯ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋದರು. "ಒಪ್ಪಬೇಡ ಕಣೇ. ಆ ಮಷಿನ್ ಹತ್ತಿದವರು ಇಳಿಯೋದಿಲ್ಲ ಅಂತಾರೆ. ಮನೆಗೆ ಕರ್ಕೊಂಡು ಹೋಗೋಣ. ಏನಾದರೂ ಕಷಾಯ ಕೊಡೋಣ."

ಬಣ್ಣದಕ್ಕ ಗೋಡೆಗೊರಗಿ ನಿಂತಳು. ಹೂಂ ಅಂದರೂ ಭಯ, ಊಹೂಂ ಅಂದರೂ ಭಯ. ಮದುವೆಯಾದಾಗಿನಿಂದ ಈ ಮನೆಯಲ್ಲಿ ದೊಡ್ಡ ಮಾತೆಲ್ಲ ಅತ್ತೆಯದೋ ಗಂಡನದೋ ಆಗಿತ್ತು. ಅವಳ ಮಾತು ಏನಿದ್ದರೂ ಬಣ್ಣದ ತೊಟ್ಟಿಯ ಅಂಚಿನ ತನಕ. ಈಗ ಗಂಡನಿಗೆ ಮಾತಾಡಲು ಶಕ್ತಿಯಿಲ್ಲ. ಅತ್ತೆಗೆ ಭಯದಲ್ಲಿ ದಿಕ್ಕು ತೋಚುತ್ತಿಲ್ಲ. ಉಳಿದವಳು ತಾನೊಬ್ಬಳೇ.

ಅವಳು ಒಳಗೆ ಹೋಗಿ ಡಾಕ್ಟರಮ್ಮನನ್ನೇ ಕೇಳಿದಳು. "ಒಮ್ಮೆ ಹತ್ತಿದರೆ ಸಾಯೋವರೆಗೂ ಬೇಕಂತೆ. ಹೌದಾ?"

"ವರ್ಷಗಟ್ಟಲೆ ಕಾಯಿಲೆಯಿಂದ ಕಿಡ್ನಿ ಪೂರ್ತಿ ಸೋತವರ ಮಾತು ಅದು. ಇದು ಬೇರೆ. ಇವರದ್ದು ನಿನ್ನೆ ಮೊನ್ನೆವರೆಗೂ ಗಟ್ಟಿಯಿದ್ದ ಕಿಡ್ನಿ. ಏಟು ಬಿದ್ದು ಕೂತಿದೆ. ಅದು ಸುಧಾರಿಸೋವರೆಗೆ ಮಷಿನ್ ಅದರ ಕೆಲಸ ಮಾಡುತ್ತೆ. ಹೊತ್ತಿಗೆ ಸರಿಯಾಗಿ ಬಂದವರಲ್ಲಿ ಹೆಚ್ಚಿನವರ ಕಿಡ್ನಿ ಮತ್ತೆ ಎದ್ದು ಕೂರುತ್ತೆ. ಎಲ್ಲರದ್ದೂ ಅಂತ ನಾನು ಮಾತು ಕೊಡಲ್ಲ. ಆದರೆ ಮನೆಗೆ ಕರ್ಕೊಂಡು ಹೋದ್ರೆ ಏನಾಗುತ್ತೆ ಅಂತ ಮಾತ್ರ ಖಂಡಿತ ಹೇಳಬಲ್ಲೆ."

ಅವಳು ಕಾಗದಕ್ಕೆ ಸಹಿ ಹಾಕಿದಳು.

ಡಯಾಲಿಸಿಸ್ ಕೋಣೆಯಲ್ಲಿ ಬೀರುವಿನಷ್ಟು ಎತ್ತರದ ಯಂತ್ರವೊಂದು ಸಣ್ಣಗೆ ಗುನುಗುತ್ತಿತ್ತು. ಗಂಡನ ರಕ್ತ ಒಂದು ಕೊಳವೆಯಲ್ಲಿ ಹೊರಗೆ ಬಂದು, ಯಂತ್ರವನ್ನು ಸುತ್ತಿ, ಇನ್ನೊಂದು ಕೊಳವೆಯಲ್ಲಿ ಒಳಗೆ ಹೋಗುತ್ತಿತ್ತು. ಬಣ್ಣದಕ್ಕ ಉಸಿರು ಬಿಗಿಹಿಡಿದು ನೋಡಿದಳು. ಯಂತ್ರ ನೋಡಿಕೊಳ್ಳುವವನು ವಾಚಾಳಿ. ಹೆದರಿದವರನ್ನು ಕಂಡರೆ ಅವನಿಗೆ ಮಾತು ಇನ್ನೂ ಹೆಚ್ಚುತ್ತಿತ್ತು.

"ನಾಲ್ಕು ಗಂಟೆ ಓಡಬೇಕಕ್ಕ ಇದು. ನೀರು ಬೇಕು, ಕರೆಂಟ್ ಬೇಕು, ನಾನು ಬೇಕು. ಇಷ್ಟೆಲ್ಲ ಮಾಡೋದು ಯಾರ ಬದಲಿಗೆ ಗೊತ್ತಾ?" ಅವನು ಮುಷ್ಟಿ ಬಿಗಿದು ತೋರಿಸಿದ. "ಇಷ್ಟೇ ಇಷ್ಟು ದೊಡ್ಡದು, ಬೆನ್ನಿನ ಆ ಕಡೆ ಒಂದು, ಈ ಕಡೆ ಒಂದು. ದಿನಕ್ಕೆ ಎಷ್ಟು ನೀರು ಸೋಸುತ್ತೆ ಹೇಳಿ?"

"ಒಂದು ಬಿಂದಿಗೆ?"

"ನೂರೆಂಬತ್ತು ಲೀಟರ್."

ಬಣ್ಣದಕ್ಕ ಮೂಗಿನ ಮೇಲೆ ಬೆರಳಿಟ್ಟಳು. ಅವಳಿಗೆ ನೀರಿನ ಲೆಕ್ಕ ಗೊತ್ತು. ಬಣ್ಣದ ಮನೆಯ ದೊಡ್ಡ ಬಕೆಟ್ಟಿನಲ್ಲಿ ಹನ್ನೆರಡು ಬಕೆಟ್ ಅದು. ಹನ್ನೆರಡು ಬಕೆಟ್ ನೀರಲ್ಲಿ ಲಡಿ ಜಾಲಾಡಿಸುವಷ್ಟರಲ್ಲಿ ಇಬ್ಬರು ಗಂಡಾಳುಗಳ ಸೊಂಟ ಬಿದ್ದುಹೋಗುತ್ತದೆ. "ಅಷ್ಟು ನೀರು ಹೊರಗೆ ಹೋಗೋದು ನಾನು ಕಂಡೇ ಇಲ್ಲವಲ್ಲ!"

"ಅಲ್ಲೇ ಇರೋದು ಚಮತ್ಕಾರ. ಬೇಕಾದ್ದನ್ನೆಲ್ಲ ಆರಿಸಿ ಆರಿಸಿ ರಕ್ತಕ್ಕೇ ವಾಪಸ್ ಕೊಡುತ್ತೆ. ಕೊನೆಗೆ ಹೊರಗೆ ಬಿಡೋದು ಒಂದೆರಡು ಲೀಟರ್ ಕೊಳೆ ನೀರು ಮಾತ್ರ. ನೀವು ಮಲಗಿದ್ರೂ ಮಾಡುತ್ತೆ, ಜಗಳ ಆಡ್ತಿದ್ರೂ ಮಾಡುತ್ತೆ."

ಅವಳು ಗಂಡನ ಕಡೆ ನೋಡಿದಳು. ಇಪ್ಪತ್ತೆರಡು ವರ್ಷ ಅವನು ತನ್ನ ಪಕ್ಕದಲ್ಲಿ ಮಲಗಿದ್ದಾಗ, ತೊಟ್ಟಿಯ ಹಬೆಯಲ್ಲಿ ಬೆವರುತ್ತಿದ್ದಾಗ, ತನ್ನ ಮೇಲೆ ರೇಗುತ್ತಿದ್ದಾಗ ಕೂಡ ಆ ಎರಡು ಮುಷ್ಟಿಗಳು ಒಳಗೆ ತೊಳೆಯುತ್ತಲೇ ಇದ್ದವು. ಸದ್ದಿಲ್ಲ, ದೂರಿಲ್ಲ, ಒಂದು ದಿನ ರಜೆಯಿಲ್ಲ. ಅಂಥ ಕೆಲಸ ಮಾಡುವವರನ್ನು ಮನೆಯಲ್ಲಿ ಯಾರು ಗಮನಿಸುತ್ತಾರೆ? ನಿಂತಾಗ ಮಾತ್ರ ಎಲ್ಲರೂ ಓಡಿಬರುತ್ತಾರೆ. ಅವಳ ಕೈ ತಾನಾಗಿಯೇ ತನ್ನ ಬೆನ್ನಿಗೆ ಹೋಯಿತು. ನನ್ನೊಳಗೂ ಇವೆ, ಈ ಕ್ಷಣವೂ ತೊಳೆಯುತ್ತಿವೆ ಎನ್ನಿಸಿತು.

ಒಂದು ದಿನ ಬಿಟ್ಟು ಇನ್ನೊಂದು ಸಲ ಡಯಾಲಿಸಿಸ್ ಆಯಿತು. ಬಣ್ಣದಕ್ಕ ಮಂಚದ ಪಕ್ಕ ಕೂತು ಚೀಲವನ್ನೇ ನೋಡುತ್ತಿದ್ದಳು. ಬಂದಷ್ಟನ್ನು ಅಳೆದು ನರ್ಸಮ್ಮ ದಿನವೂ 'ಕಂದು' ಎಂದು ಬರೆದುಕೊಂಡು ಹೋಗುತ್ತಿದ್ದಳು. ಆರನೆಯ ಬೆಳಗ್ಗೆ ಬಣ್ಣದಕ್ಕ ಅವಳ ಕೈ ತಡೆದಳು.

"ಸಿಸ್ಟರ್, ಅದೇ ಕಂದು ಅಂತ ಬರೀಬೇಡಿ. ಇದು ನಿನ್ನೆಯ ಬಣ್ಣ ಅಲ್ಲ. ಕೆಂಪು ಹೋಗಿದೆ."

"ನನಗೇನೋ ಒಂದೇ ಥರ ಕಾಣುತ್ತಪ್ಪ."

"ನನ್ನ ಕೆಲಸವೇ ಇದು. ಬೆಳಕಿಗೆ ಹಿಡೀರಿ."

ನರ್ಸಮ್ಮ ಹಿಡಿದಳು. ಆಮೇಲೆ ಹುಬ್ಬೇರಿಸಿ, ಚೀಲದ ಮೇಲಿನ ಗೆರೆ ಓದಿದಳು. ಹಿಂದಿನ ದಿನಕ್ಕಿಂತ ಮೂರು ಪಟ್ಟು ಬಂದಿತ್ತು. ಅವಳು ಡಾಕ್ಟರಮ್ಮನನ್ನು ಕರೆತರಲು ಓಡಿದಳು.

ಅಲ್ಲಿಂದ ಮುಂದೆ ಪ್ರತಿ ಬೆಳಗ್ಗೆ ಚೀಲ ತುಂಬುತ್ತ ಬಂತು, ಬಣ್ಣ ತಿಳಿಯಾಗುತ್ತ ಬಂತು. ಕಂದು ಹೋಗಿ ಜೇನು, ಜೇನು ಹೋಗಿ ಒಣಹುಲ್ಲು. ಹತ್ತನೆಯ ದಿನ ಅದರ ಆಚೆ ಕಿಟಕಿಯ ಸರಳು ಕಾಣುವಷ್ಟು ತಿಳಿಹಳದಿ. ಜೀವನವೆಲ್ಲ ಗಾಢವಾದ, ಗಟ್ಟಿಯಾದ, ಎಂದೂ ಮಾಸದ ಬಣ್ಣಕ್ಕಾಗಿ ದುಡಿದ ಹೆಂಗಸು, ಬಣ್ಣವೇ ಇಲ್ಲದಂಥ ಆ ನೀರಿನ ಮುಂದೆ ಕೈ ಮುಗಿದು ನಿಂತಳು. ಗಂಡ ಮಂಚದ ಮೇಲಿಂದ ನೋಡಿದ. "ಏನೇ, ಉಚ್ಚೆಗೆ ಕೈ ಮುಗೀತಿದೀಯಾ? ನನಗೆ ಒಂದು ದಿನವೂ ಮುಗಿದವಳಲ್ಲ!"

"ನೀವೆಲ್ಲಿ ಇಷ್ಟು ಕೆಲಸ ಮಾಡಿದ್ರಿ?" ಎಂದಳು ಅವಳು. ನಕ್ಕಳು, ಆಮೇಲೆ ತಡೆಯಲಾರದೆ ಅತ್ತಳು.

ರಕ್ತ ಪರೀಕ್ಷೆಯಲ್ಲೂ ಕಿಡ್ನಿ ಚೇತರಿಸುತ್ತಿರುವುದು ಕಂಡಿತು. ಮತ್ತೆ ಡಯಾಲಿಸಿಸ್ ಬೇಕಾಗಲಿಲ್ಲ. ಕಳಿಸುವಾಗ ಡಾಕ್ಟರಮ್ಮ, ಕೊಟ್ಟ ಮಾತ್ರೆ ಪೂರ್ತಿ ಮುಗಿಸಬೇಕು, ವಾರಕ್ಕೊಮ್ಮೆ ಬಂದು ರಕ್ತ ತೋರಿಸಬೇಕು, ನೋವಿನ ಮಾತ್ರೆಯ ಹತ್ತಿರವೂ ಸುಳಿಯಬಾರದು ಎಂದರು. "ಸುಳಿಯೋಕೆ ನಾನು ಬಿಟ್ಟರೆ ತಾನೇ," ಎಂದರು ಅತ್ತೆ.

ಮನೆಗೆ ಬಂದ ಮರುದಿನವೇ ಅತ್ತೆ ಜ್ವರ ಬಂದ ಮನೆಗಳಿಗೆ ಹೊರಟರು. ಮೊದಲ ಮನೆಯ ಹೊಸ್ತಿಲಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ, "ಏನಮ್ಮಾ, ನಿನ್ನ ಗಂಡ ಇವತ್ತು ಮೂತ್ರ ಮಾಡಿದನಾ? ಎಷ್ಟು? ಯಾವ ಬಣ್ಣ?" ಎಂದು ಕೇಳಿದರು. ಆ ಮನೆಯಾಕೆ ನಾಚಿಕೆಯಿಂದ ನೀರಾದಳು. "ಮೆಲ್ಲಗೆ ದೊಡ್ಡಮ್ಮ, ಜನ ಕೇಳಿಸಿಕೊಳ್ತಾರೆ!"

"ಕೇಳಿಸಿಕೊಳ್ಳಲಿ. ಕೇಳಿಸಿಕೊಳ್ಳಲಿ ಅಂತಲೇ ಕೂಗ್ತಿರೋದು. ನಾನು ನಾಚಿಕೊಂಡು, ಡಬ್ಬಿ ಮುಚ್ಚಿಟ್ಟುಕೊಂಡು, ಮಗನ್ನ ಕಳ್ಕೊಳ್ತಾ ಇದ್ದೆ."

ಆ ಮನೆಯ ರೋಗಿಗೆ ಎಲ್ಲ ಸರಿಯಿತ್ತು. ಅತ್ತೆ ಮುಂದಿನ ಮನೆಗೆ ನಡೆದರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಚಳಿಜ್ವರ ಬಂದರೆ ಅಂದೇ ರಕ್ತ ಪರೀಕ್ಷೆ ಮಾಡಿಸಿ. ಮಲೇರಿಯಾ ಎಂದು ಗೊತ್ತಾದರೆ, ಜ್ವರ ಬಿಟ್ಟರೂ ಮಾತ್ರೆಯನ್ನು ಅರ್ಧಕ್ಕೆ ಬಿಡಬೇಡಿ. ಮನೆಯಲ್ಲಿರುವ ನೋವಿನ ಮಾತ್ರೆ, ಕಂಡವರು ಹೇಳಿದ ಕಷಾಯ ಕೊಡಬೇಡಿ. ಮೊದಲೇ ಕೊಟ್ಟಿದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ರೋಗಿಯ ಮೂತ್ರ ಎಷ್ಟು ಹೋಗುತ್ತಿದೆ, ಯಾವ ಬಣ್ಣವಿದೆ ಎಂದು ದಿನವೂ ನೋಡಿ. ಅದು ಕಡಿಮೆಯಾದರೆ, ಕಪ್ಪು ಚಹಾದಂತೆ ಕಂಡರೆ, ಮುಖ ಅಥವಾ ಪಾದ ಊದಿದರೆ, ಏದುಸಿರು ಬಂದರೆ, ಮಾತು ತೊದಲಿದರೆ ಬೆಳಗಾಗಲಿ ಎಂದು ಕಾಯಬೇಡಿ, ನೀರು ಸುರಿದು ಸರಿಮಾಡಲು ಹೋಗಬೇಡಿ. ಆಸ್ಪತ್ರೆಗೆ ಹೊರಡಿ. ಡಯಾಲಿಸಿಸ್ ಬೇಕು ಎಂದರೆ ಹೆದರಿ ಹಿಂದೆ ಸರಿಯಬೇಡಿ. ಸೊಳ್ಳೆಪರದೆಯೊಳಗೆ ಮಲಗಿ. ನೀರಿನ ತೊಟ್ಟಿಗಳನ್ನು ಮುಚ್ಚಿ, ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ. ಮಲೇರಿಯಾದ ಸೊಳ್ಳೆ ನಿಂತ ತಿಳಿನೀರಿನಲ್ಲೂ ಮೊಟ್ಟೆಯಿಡುತ್ತದೆ.

ನಿಮ್ಮ ಮನೆಯಲ್ಲಿ ಈಗ ಯಾರಾದರೂ ಜ್ವರದಲ್ಲಿ ಮಲಗಿದ್ದರೆ, ಈ ಹಾಳೆ ಕೆಳಗಿಟ್ಟು ಎದ್ದು ಹೋಗಿ ಕೇಳಿ. ಕೇಳಲು ನಾಚಿಕೆಯಾದರೆ, ನಾಚಿಕೆಪಡುತ್ತಲೇ ಕೇಳಿ.